ಬಕಾರವಿಲ್ಲದ ಉತ್ತರಗಳು

ಬಿ.ಬಿ.ಎ. ಮುಗಿದ ವರ್ಷ ನಾನು ಮತ್ತು ನನ್ನ ಗೆಳತಿ ಒಟ್ಟಿಗೆ ಸಂದರ್ಶನಕ್ಕೆ ತಯಾರಿ ನಡೆಸಿದೆವು. ನಾನು ಭಾಲ್ಕಿಯಿಂದ ರೈಲಿನಲ್ಲಿ ಬೀದರಿಗೆ ಬರುತ್ತಿದ್ದೆ, ಅವಳು ಔರಾದಿನಿಂದ ಬಸ್ಸಿನಲ್ಲಿ. ಇಬ್ಬರಿಗೂ ಎಚ್.ಆರ್. ವಿಭಾಗದಲ್ಲೇ ಕೆಲಸ ಬೇಕಿತ್ತು. ಜನರನ್ನು ಕೆಲಸಕ್ಕೆ ಆರಿಸುವುದು, ಅವರ ರಜೆ, ಹಾಜರಿ, ತಕರಾರು ನೋಡಿಕೊಳ್ಳುವುದು. ಅಂದರೆ ದಿನವಿಡೀ ಮಾತಾಡುವ ಕೆಲಸ. ನನ್ನ ಗೆಳತಿಗೆ ಉಗ್ಗು ಇತ್ತು.

ಎಲ್ಲ ಅಕ್ಷರಗಳೂ ಅವಳಿಗೆ ತೊಡಕಾಗಿರಲಿಲ್ಲ. ಬ, ಭ ಬಂದಾಗ ಮಾತ್ರ ತುಟಿಗಳು ಅಂಟಿಕೊಂಡುಬಿಡುತ್ತಿದ್ದವು. ನಮ್ಮ ಜಿಲ್ಲೆಯಲ್ಲಿ ಆ ಅಕ್ಷರ ತಪ್ಪಿಸಿ ಬದುಕುವುದು ಸುಲಭವಲ್ಲ. ಬೀದರ, ಭಾಲ್ಕಿ, ಬಸವಕಲ್ಯಾಣ. ನಾವು ಓದಿದ ಡಿಗ್ರಿಯಲ್ಲೇ ಎರಡೆರಡು. ಒಮ್ಮೆ ನಮ್ಮ ಮನೆಗೆಂದು ಬಸ್ ಹತ್ತಿ ಅವಳು ಭಾಲ್ಕಿ ಎನ್ನುವಷ್ಟರಲ್ಲಿ ಕಂಡಕ್ಟರ್ ಬಸವಕಲ್ಯಾಣದ ಟಿಕೆಟ್ ಕೈಗಿಟ್ಟು ಮುಂದೆ ಹೋಗಿದ್ದನಂತೆ. ಅದನ್ನು ಹೇಳಿ ಅವಳೇ ನಗುತ್ತಿದ್ದಳು. ತಾನು ಔರಾದಿನಲ್ಲಿ ಹುಟ್ಟಿದ್ದು ಹೋದ ಜನ್ಮದ ಪುಣ್ಯ, ಊರ ಹೆಸರನ್ನಾದರೂ ಸರಾಗವಾಗಿ ಹೇಳಬಹುದು ಎನ್ನುತ್ತಿದ್ದಳು.

ಬೀದರಿನ ಧಾನ್ಯದ ಪೇಟೆ ಗಾಂಧಿ ಗಂಜಿನಲ್ಲಿ, ರೈತರ ಕಾಳು ಮಾರಿಸಿಕೊಡುವ ನನ್ನ ಸೋದರಮಾವನ ಅಡತಿ ಅಂಗಡಿಯಿದೆ. ಅದರ ಮೇಲಿನ ಖಾಲಿ ಕೋಣೆಯನ್ನು ಮಾವ ನಮಗೆ ಬಿಟ್ಟುಕೊಟ್ಟಿದ್ದ. ಕೆಳಗೆ ಹಮಾಲರ ಕೂಗು, ಲಾರಿಗಳ ಹಾರ್ನು. ತೊಗರಿಯ ಧೂಳು ಕಿಟಕಿಯಿಂದ ಒಳಗೆ ಬಂದು ನಮ್ಮ ಕೂದಲಿನಲ್ಲಿ ಕೂರುತ್ತಿತ್ತು. ಆ ಗದ್ದಲದಲ್ಲಿ ಯಾರಿಗೂ ತನ್ನ ಮಾತು ಕೇಳಿಸುವುದಿಲ್ಲವೆಂದು ಅವಳಿಗೆ ಆ ಜಾಗ ಬಹಳ ಹಿಡಿಸಿತು.

ನಾನು ದುಪಟ್ಟಾ ಸರಿಮಾಡಿಕೊಂಡು, ಮುಖ ಬಿಗಿದುಕೊಂಡು ಅಧಿಕಾರಿಯಾಗುತ್ತಿದ್ದೆ. ನಿಮ್ಮ ಬಗ್ಗೆ ಹೇಳಿ, ನಿಮ್ಮ ದೌರ್ಬಲ್ಯವೇನು, ನಿಮ್ಮನ್ನೇ ಯಾಕೆ ತೆಗೆದುಕೊಳ್ಳಬೇಕು. ಯೂಟ್ಯೂಬಿನಲ್ಲಿ ನೋಡಿದ ಪ್ರಶ್ನೆಗಳೆಲ್ಲ ಇದ್ದವು. ಉತ್ತರ ಇಂಗ್ಲಿಷಿನಲ್ಲೇ ಆಗಬೇಕಿತ್ತು. ಇಂಗ್ಲಿಷಿನಲ್ಲಿಯೂ ಅದೇ ಅಕ್ಷರದ ಕಾಟ. ಹಾಗಾಗಿ ಇಬ್ಬರೂ ಕೂತು ಆ ಅಕ್ಷರವೇ ಇಲ್ಲದ ಉತ್ತರಗಳನ್ನು ಕಟ್ಟಿದೆವು. ಬೀದರ ಎನ್ನುವ ಬದಲು ನಮ್ಮ ಜಿಲ್ಲಾ ಕೇಂದ್ರ, ಬಿ.ಬಿ.ಎ. ಬದಲು ಮ್ಯಾನೇಜ್‌ಮೆಂಟ್ ಡಿಗ್ರಿ. ಒಂದು ಇಂಗ್ಲಿಷ್ ಪದಕ್ಕೆ ನಾನು ತಡಕಾಡುವಾಗ ಅವಳ ಬಳಿ ಪ್ರತಿ ಮಾತಿಗೂ ಎರಡು ಪದ ತಯಾರಿರುತ್ತಿದ್ದವು. ದೂರದಿಂದಲೇ ಗುಂಡಿ ಕಂಡು ಗಾಡಿ ತಿರುಗಿಸುವವರ ಹಾಗೆ, ವಾಕ್ಯ ಶುರುವಾಗುವ ಮೊದಲೇ ಅದರ ತುದಿಯಲ್ಲಿ ಕಾದಿರುವ ತೊಡಕು ಅವಳಿಗೆ ಕಾಣುತ್ತಿತ್ತು. ಇಷ್ಟೆಲ್ಲ ಲೆಕ್ಕಾಚಾರ ಮಾತು ಕಲಿತಾಗಿನಿಂದ ಅವಳ ತಲೆಯೊಳಗೆ ನಡೆಯುತ್ತಿದೆಯಲ್ಲ ಎಂದು ನಾನು ಬೆರಗಾಗಿ ನೋಡುತ್ತಿದ್ದೆ.

ಬೀದರಿನ ಹೊರಗಿನ ಒಂದು ಔಷಧ ಕಾರ್ಖಾನೆಯವರು ಸಂದರ್ಶನಕ್ಕೆ ಕರೆದರು. ಮೊದಲು ಎಲ್ಲರೂ ಒಂದೇ ಸಭಾಂಗಣದಲ್ಲಿ ಒಬ್ಬೊಬ್ಬರಾಗಿ ಎದ್ದು ತಮ್ಮ ಪರಿಚಯ ಹೇಳಬೇಕಿತ್ತು. ಎದುರಿಗೆ ನಡುವಯಸ್ಸಿನ, ಸೌಮ್ಯ ಮುಖದ ಎಚ್.ಆರ್. ಅಧಿಕಾರಿ. ನಾನು ಬಾಯಿಪಾಠ ಮಾಡಿದ್ದನ್ನು ಒಂದು ಪದವೂ ತಪ್ಪದೆ ಒಪ್ಪಿಸಿ ಕೂತೆ. ಅವರು ಚೆನ್ನಾಗಿದೆ ಎಂದು ಮುಂದಿನವರ ಕಡೆ ತಿರುಗಿದರು.

ಮುಂದಿನವಳು ಗೆಳತಿ. ನಾವು ಕಟ್ಟಿದ ಉತ್ತರ ನೀರಿನಂತೆ ಹರಿದು ಬಂತು. ನಾನು ಉಸಿರು ಬಿಡುವಷ್ಟರಲ್ಲಿ ಅವರು ಡಿಗ್ರಿಯ ಹೆಸರು ಕೇಳಿದರು. ಮ್ಯಾನೇಜ್‌ಮೆಂಟ್ ಎಂದಳು. ಅದು ಗೊತ್ತಾಯಿತು, ಸರಿಯಾದ ಹೆಸರು ಹೇಳಿ ಎಂದರು. ಅವಳ ತುಟಿಗಳು ಕೂಡಿಕೊಂಡವು. ಬಿಚ್ಚಿಕೊಳ್ಳಲಿಲ್ಲ. ಹಿಂದಿನ ಸಾಲಿನಲ್ಲಿ ಯಾರೋ ಕೆಮ್ಮಿದರು. ಅಧಿಕಾರಿ ಮರುಕದಿಂದಲೇ, ಬಿ.ಕಾಂ. ಅಲ್ಲವೇ ಎಂದು ತಾವೇ ಹೇಳಿ, ಬರೆದುಕೊಳ್ಳಲು ಪೆನ್ನು ಎತ್ತಿದರು.

ತಲೆಯಾಡಿಸಿಬಿಡಲಿ, ಕೂತುಬಿಡಲಿ ಎಂದು ನಾನು ಮನಸ್ಸಿನಲ್ಲೇ ಬೇಡಿಕೊಂಡೆ. ಅವಳು ಕನ್ನಡಕ್ಕೆ ತಿರುಗಿದಳು.

“ಅಲ್ರಿ ಸರ್. ಅದು ನಾನೇ ಹೇಳ್ತೇನಿ. ಜರಾ ತಡೀರಿ.”

ಪೆನ್ನು ನಿಂತಿತು. ಮಾತು ಸಿಕ್ಕಿಕೊಂಡಾಗ ಮುಖ ತಿರುಗಿಸಿಕೊಳ್ಳುವುದು ಅವಳ ರೂಢಿ. ಆ ದಿನ ತಿರುಗಿಸಲಿಲ್ಲ. ಕುತ್ತಿಗೆಯ ನರ ಉಬ್ಬಿತ್ತು, ಕಣ್ಣು ಅವರ ಕಣ್ಣಿನಲ್ಲೇ ಇತ್ತು. ಕೊನೆಗೆ ಮೊದಲ ಬಿ ಬಂತು, ಬಹಳ ಹೊತ್ತಿನ ಮೇಲೆ ಎರಡನೆಯದು, ಆಮೇಲೆ ಎ. ಅವರು ಹಾಗೆಯೇ ಬರೆದುಕೊಂಡರು.

ಅಲ್ಲಿಗೆ ಅವಳು ನಿಲ್ಲಿಸಬಹುದಿತ್ತು. ಬದಲಿಗೆ ಇಂಗ್ಲಿಷಿನಲ್ಲಿ ತನ್ನ ಪರಿಚಯವನ್ನು ಮತ್ತೆ ಮೊದಲಿನಿಂದ ಶುರುಮಾಡಿದಳು. ಬೀದರ ಎಂದಳು, ಬಸ್ ಎಂದಳು. ನಾವು ತೆಗೆದುಹಾಕಿದ್ದ ಪದಗಳನ್ನೆಲ್ಲ ಒಂದೊಂದಾಗಿ ಕರೆದು, ಪ್ರತಿಯೊಂದರ ಮುಂದೆಯೂ ನಿಂತು, ದಾಟಿದಳು. ಈ ಹುಡುಗಿಯ ಪಕ್ಕದಲ್ಲಿ ಮೂರು ವರ್ಷ ಒಂದೇ ಬೆಂಚಿನಲ್ಲಿ ಕೂತಿದ್ದೆ. ಅವಳು ಯಾರೆಂದು ನನಗೆ ತಿಳಿದೇ ಇರಲಿಲ್ಲ ಅನ್ನಿಸಿತು.

ಅಧಿಕಾರಿ ಈಗ ಕನ್ನಡದಲ್ಲೇ ಕೇಳಿದರು. ಈ ಕೆಲಸದಲ್ಲಿ ಎದುರಿಗೆ ಬರುವವರಿಗೆಲ್ಲ ಅವಸರ, ನಿಮಗೆ ತಡವಾದರೆ ಅವರಿಗೆ ಸಿಟ್ಟು ಬರುತ್ತದೆ, ಆಗ ಏನು ಮಾಡುತ್ತೀರಿ?

“ಬರ್ಲಿ ಸರ್,” ಎಂದಳು. ಆ ಒಂದು ಮಾತಿಗೇ ಬಹಳ ಹೊತ್ತು ಹಿಡಿಯಿತು. “ಸಿಟ್ಟಿನ ಮಂದಿ ಮುಂದ ನಿಂದ್ರೋದು ನನಗ ರೂಢಿ ಅದ. ಅವರ ಕೆಲಸ ಮುಗಿಯೋತನಕ ನಾ ಎದ್ದು ಹೋಗಂಗಿಲ್ಲ.”

ಹೊರಗೆ ಬಂದು ಮೆಟ್ಟಿಲ ಮೇಲೆ ಕೂತೆವು. ಅಷ್ಟು ಧೈರ್ಯ ಎಲ್ಲಿಂದ ಬಂತೆಂದು ಕೇಳಿದೆ. ಅಕ್ಷರ ಸಿಕ್ಕಿಕೊಂಡಲ್ಲೆಲ್ಲ ನಿಂತು, ದಾಟಿ ಹೇಳಿದಳು.

“ಧೈರ್ಯ ಗೀರ್ಯ ಏನಿಲ್ಲ. ನಾ ಓದಿದ್ದು ಒಂದು, ಅವರು ಬರ್ಕೊಳ್ಳೋದು ಒಂದು ಅಂದ್ರ ಹ್ಯಾಂಗ? ಸಿಟ್ಟು ಬಂತು.”

ಅವಳು ಆಯ್ಕೆಯಾದಳು, ನಾನು ಆಗಲಿಲ್ಲ. ಎದೆಯಲ್ಲಿ ಸಣ್ಣಗೆ ಚುಚ್ಚಿದ್ದು ನಿಜ. ಆದರೆ ಕಂಡದ್ದರ ಬೆರಗು ಅದಕ್ಕಿಂತ ದೊಡ್ಡದಿತ್ತು.

ಕೆಲವು ತಿಂಗಳ ಮೇಲೆ ಬೀದರಿನ ಒಂದು ಆಸ್ಪತ್ರೆಯಿಂದ ನನಗೂ ಕರೆ ಬಂತು. ತಯಾರಿಗೆ ಈ ಸಲ ಔರಾದಿಗೆ, ಅವಳ ಮನೆಗೆ ಹೋದೆ. ಅಂಗಳದಲ್ಲಿ ಅವಳ ಅಪ್ಪ ಕುರಿಮರಿಗಳಿಗೆ ಸೊಪ್ಪು ಹಾಕುತ್ತಿದ್ದರು. ಪಡಸಾಲೆಯಲ್ಲಿ ಅವಳು ಅಧಿಕಾರಿಯಾಗಿ ಕೂತು, ನಿಮ್ಮ ಬಗ್ಗೆ ಹೇಳಿ ಎಂದಳು. ನಾನು ಹಳೆಯ ಪಾಠ ಒಪ್ಪಿಸಿದೆ. ಅವಳು ನನ್ನನ್ನೇ ನೋಡುತ್ತ ಕಾದಳು. ಇನ್ನೊಂದೆರಡು ವಾಕ್ಯ ಸೇರಿಸಿದೆ. ಆಗಲೂ ಕಾಯುತ್ತಲೇ ಇದ್ದಳು. ಬಾಯಿಪಾಠವೆಲ್ಲ ತೀರಿದ ಮೇಲೆ, ಬೇರೆ ದಾರಿಯಿಲ್ಲದೆ, ನಮ್ಮ ಓಣಿಯ ನಳದ ಹತ್ತಿರ ಜಗಳವಾದರೆ ಹೆಂಗಸರು ನನ್ನನ್ನೇ ಕರೆಯುತ್ತಾರೆ, ಯಾರ ಪರವನ್ನೂ ವಹಿಸದೆ ಇಬ್ಬರ ಮಾತನ್ನೂ ಕೇಳುವುದು ನನಗೆ ಚಿಕ್ಕಂದಿನಿಂದ ಇಷ್ಟ ಎಂದೆ. ಇದನ್ನು ನಾನು ಯಾರಿಗೂ ಹೇಳಿರಲಿಲ್ಲ. ಹೇಳುವಂಥದ್ದೆಂದು ನನಗೇ ಗೊತ್ತಿರಲಿಲ್ಲ.

“ಇದು ಹೇಳು ಅಲ್ಲಿ,” ಎಂದಳು.

ಹೋಗಿ ಅದನ್ನೇ ಹೇಳಿದೆ. ಈಗ ಆ ಆಸ್ಪತ್ರೆಯ ಸಿಬ್ಬಂದಿ ವಿಭಾಗದಲ್ಲಿದ್ದೇನೆ.