ಹಾಲಾಗದ ಎಣ್ಣೆ

ಗಂಡ ಅಕ್ಬರಸಾಬ ತೀರಿಕೊಂಡ ವರ್ಷ ನೂರಜಾನಬಿಯನ್ನು ಕರೆದು ಕೆಲಸಕ್ಕೆ ಹಚ್ಚಿದವಳು ತೆಲಸಂಗದ ತಾರವ್ವ. ತಾರವ್ವನದು ದ್ರಾಕ್ಷಿ ತೋಟ, ಪಕ್ಕದಲ್ಲೇ ಹಣ್ಣು ಒಣಗಿಸಿ ಮಣೂಕ, ಅಂದರೆ ಒಣದ್ರಾಕ್ಷಿ ಮಾಡುವ ಶೆಡ್ಡು. ಮೊದಮೊದಲು ಗೊನೆ ಆರಿಸುತ್ತಿದ್ದ ನೂರಜಾನಬಿಗೆ ಬರಬರುತ್ತ ದ್ರಾಕ್ಷಿ ಅದ್ದುವ ನೀರು ಕಲಸುವ ಕೆಲಸ ಬಂತು. ನೀರಿಗೆ ಪೌಡರು, ಅದರ ಮೇಲೆ ಎಣ್ಣೆ, ಎಣ್ಣೆಯ ಜೊತೆ ಸಣ್ಣ ಡಬ್ಬಿಯ ಎಮಲ್ಸಿಫಾಯರ್. ಆ ಡಬ್ಬಿಯದು ಬಿದ್ದರಷ್ಟೇ ಎಣ್ಣೆಯೂ ನೀರೂ ಒಂದಾಗಿ ಹಾಲಿನಂತೆ ಬೆಳ್ಳಗಾಗುತ್ತಿದ್ದವು. ಅದರಲ್ಲಿ ಅದ್ದಿದ ಹಣ್ಣಿನ ಮೇಲಿನ ಮೇಣ ಸಡಿಲಾಗಿ, ಒಳಗಿನ ನೀರು ಬೇಗ ಆರುತ್ತಿತ್ತು. ಪೌಡರಿನ ಕ್ಷಾರಕ್ಕೆ ನೂರಜಾನಬಿಯ ಬೆರಳ ತುದಿಗಳು ಸದಾ ಸುಲಿದಿರುತ್ತಿದ್ದವು.

ಈ ಸಲ ಮೋಡ ಕಂಡು ತಾರವ್ವ ಅವಸರದಿಂದ ಇಡೀ ತೋಟದ ಹಣ್ಣು ಕಡಿಸಿದಳು. ಶೆಡ್ಡಿನ ಮುಂದೆ ಕ್ರೇಟುಗಳು ಆಳೆತ್ತರ ನಿಂತವು. ನೂರಜಾನಬಿ ಎಣ್ಣೆ ಸುರಿದು ಡಬ್ಬಿಗೆ ಕೈ ಹಾಕಿದರೆ ಡಬ್ಬಿಯೇ ಇಲ್ಲ. ಅಥಣಿಯ ಅಂಗಡಿಯ ಭಾವುಸಾಹೇಬ ಬರೀ ಎಣ್ಣೆ ಕಳಿಸಿದ್ದ. ಫೋನು ಮಾಡಿದಳು.

"ಮಾಲ್ ಬಂದಿಲ್ಲವ್ವಾ. ಸಾಂಗ್ಲಿಯೊಳಗೂ ಖಲಾಸ್ ಆಗೇತಿ," ಎಂದ ಅವನು.

ಕೋಲು ಹಿಡಿದು ತಿರುವಿದಳು. ರಟ್ಟೆ ಸೋಲುವವರೆಗೆ ತಿರುವಿದಳು. ಕೋಲು ನಿಲ್ಲಿಸಿದ ಕೂಡಲೇ ಎಣ್ಣೆ ಮೇಲೆದ್ದು ಪೊರೆಗಟ್ಟಿತು. ಕೂಲಿಯವರೆಲ್ಲ ಅವಳ ಮುಖವನ್ನೇ ನೋಡುತ್ತಿದ್ದರು. ಏನಾದರಾಗಲಿ ಎಂದು ಬಟ್ಟೆಯ ಸಾಬೂನು ಕರಗಿಸಿ ಹಾಕಿದಳು. ಒಂದು ಗಳಿಗೆ ನೀರು ಬೆಳ್ಳಗಾಯಿತು.

"ನಡೀತೈತೇನ ನೂರಜಾನ?" ಎಂದಳು ತಾರವ್ವ.

"ನಡೀತೈತ್ರಿ ಅಕ್ಕಾ."

ಅದು ನಡೆಯುವುದಿಲ್ಲ ಎಂದು ಒಳಗೊಳಗೇ ಅನ್ನಿಸಿತ್ತು. ಆದರೂ ಅಂದುಬಿಟ್ಟಳು. ಎರಡು ಸಾಲು ಕ್ರೇಟು ಅದ್ದಿ ಒಣಗಿಸುವ ಬಲೆಯ ಮೇಲೆ ಹರಡುವಷ್ಟರಲ್ಲಿ ನೀರು ಮೊಸರಿನಂತೆ ಒಡೆಯಿತು. ಹಣ್ಣಿಗೆ ಜಿಡ್ಡು ಜಿಡ್ಡು ಗರಣೆ ಅಂಟಿತು.

ತಾರವ್ವನ ಸೊಸೆ ಕೋಮಲಳ ಸ್ಕೂಟಿಯ ಹಿಂದೆ ಹತ್ತಿ ನೂರಜಾನಬಿ ಡಬ್ಬಿ ಹುಡುಕಲು ಹೊರಟಳು. ಅಥಣಿಯ ಅಂಗಡಿಯವರೆಲ್ಲ ಇಲ್ಲವೆಂದು ಕೈಯಾಡಿಸಿದರು. ಶೇಡಬಾಳದ ಧರೆಪ್ಪನ ಶೆಡ್ಡಿನಲ್ಲಿ ಇದ್ದರೂ ಇರಬಹುದು ಎಂದು ಯಾರೋ ಅಂದರು. ಅಲ್ಲಿಗೆ ಹೋದಾಗ ಧರೆಪ್ಪನ ಹಣ್ಣೂ ಕಡಿದು ಬಿದ್ದಿತ್ತು.

"ನನ್ನ ಮಾಲ್ ಏನ ಮಾಡ್ಲಿ? ನಿಮಗ ಕೊಟ್ಟ ನಾ ಕುಂಡ್ರಲೇನ?" ಎಂದ ಅವನು.

ನೂರಜಾನಬಿ ಅವನ ಅಂಗಳದ ಕಲ್ಲಿನ ಮೇಲೆ ಕುಳಿತಳು. "ಸಾಬೂನ ಹಾಕೀನ್ರಿ ಅಣ್ಣಾರ. ಒಡೀತು. ನಾನ ಕೆಡಿಸೀನಿ. ಆಕಿ ನನ್ನ ಮ್ಯಾಲ ಭರೋಸಾ ಇಟ್ಟಾಳ."

ಧರೆಪ್ಪ ಒಳಗೆ ಹೋಗಿ ಡಬ್ಬಿ ತಂದ. "ಬೋರಿನ ಗಡಸು ನೀರಿಗೆ ಸಾಬೂನ ತಾಳೂದಿಲ್ಲ ತಂಗಿ. ಇದನ್ನ ನೀರಿನ ಉಪ್ಪು ಒಡಿಯಂಗಿಲ್ಲ, ಅದಕ್ಕ ಇದ ಬೇಕು," ಎನ್ನುತ್ತ ತನ್ನ ಡಬ್ಬಿಯಿಂದ ಒಂದು ಬಾಟಲಿಗೆ ಬಗ್ಗಿಸಿಕೊಟ್ಟ. ಬಾಟಲಿ ಅರ್ಧವೂ ತುಂಬಲಿಲ್ಲ. ಕೋಮಲ ಡಬ್ಬಿಯ ಮೇಲಿನ ಚೀಟಿ ಓದಿದಳು: ನಾನ್-ಅಯಾನಿಕ್, ಗಡಸು ನೀರಿಗೂ ನಡೆಯುತ್ತದೆ. ನೂರಜಾನಬಿಗೆ ಆ ಇಂಗ್ಲಿಷ್ ಮಾತು ತಿಳಿಯಲಿಲ್ಲ. ಬಾಟಲಿಯನ್ನು ಸೆರಗಿನಲ್ಲಿ ಸುತ್ತಿ ಎದೆಗೆ ಒತ್ತಿಕೊಂಡಳು.

ದಾರಿಯಲ್ಲೇ ಮಳೆ ಹಿಡಿಯಿತು. ಶೆಡ್ಡು ಮುಟ್ಟಿದಾಗ ಕ್ರೇಟುಗಳ ಮೇಲೆ ತಾಡಪತ್ರಿ ಹೊದಿಸಿದ್ದರು, ಅಡಿಯ ಕ್ರೇಟುಗಳಿಂದ ರಸ ಸೋರುತ್ತಿತ್ತು. ನೂರಜಾನಬಿ ಹೊಸ ನೀರಿಗೆ ಪೌಡರು, ಎಣ್ಣೆ ಹಾಕಿ ಬಾಟಲಿ ಬಗ್ಗಿಸಿದಳು. ತಿರುವಿದ ಕೂಡಲೇ ಹಾಲು. ಯಾರೂ ಹಿಗ್ಗಲಿಲ್ಲ. ಉಳಿದಷ್ಟನ್ನು ಅದ್ದಿದರು. ಆದರೆ ಮಳೆ ಬಿಡಲಿಲ್ಲ, ಗಾಳಿಯೆಲ್ಲ ಹಸಿ. ಸಾಬೂನಿನ ಸಾಲುಗಳು ಮೊದಲು ಕಪ್ಪಾದವು, ಆಮೇಲೆ ಬೂಸಲು ಹಿಡಿದವು. ಬೂಸಲು ಪಕ್ಕದ ಬಲೆಗೂ ಹಬ್ಬಿತು.

ತಾರವ್ವ ಒಂದು ಮಾತೂ ಬೈಯಲಿಲ್ಲ. ನೂರಜಾನಬಿಗೆ ಅದನ್ನೇ ತಡೆಯಲಾಗಲಿಲ್ಲ. ಕೂಲಿಯವರೆಲ್ಲ ಬೇರೆ ಶೆಡ್ಡು ಹಿಡಿದ ಮೇಲೂ ಅವಳೊಬ್ಬಳೇ ಬಂದು ಕೆಟ್ಟದ್ದನ್ನು ಆರಿಸಿ ತೆಗೆಯುತ್ತಿದ್ದಳು. ನೂರಜಾನಬಿಯ ಸೊಸೆ ಜಾಸ್ಮಿನ ಕರೆಯಲು ಬಂದಳು.

"ಸಾಕ ಬರ್ರಿ ಅಮ್ಮೀ. ಕೈಯಾಗ ರಕ್ತ ಬರಾಕತ್ತೈತಿ."

"ನೀ ನಡಿ. ಇನ್ನೂ ಐತಿ."

ಜಾಸ್ಮಿನ ಹೋದಳು. ಸ್ವಲ್ಪ ಹೊತ್ತಿಗೆ ತಾರವ್ವ ಬಂದು ಬಲೆಯ ಆಚೆ ಬದಿಗೆ ಕುಳಿತು ತಾನೂ ಆರಿಸತೊಡಗಿದಳು. ಮುಂದಿನ ವರ್ಷದ ಕೆಲಸದ ಮಾತು ಅವಳೂ ಎತ್ತಲಿಲ್ಲ, ಇವಳೂ ಕೇಳಲಿಲ್ಲ. ಅರ್ಧಕ್ಕೂ ಹೆಚ್ಚು ಮಾಲು ತಿಪ್ಪೆಗೆ ಹೋಯಿತು.