ಅಕ್ಕನ ಮದುವೆಯ ಕಂಬಳಿ

ಪುಟ್ಟಿ, ಚಿನ್ನಿ, ದೊಡ್ಡವನೇ, ಮೂವರೂ ಕೂಡಿ ಓದಿ. ಎದುರಿಗೆ ಕೂತು ಹೇಳುವುದು ನನ್ನಿಂದಾಗದು. ಅದಕ್ಕೇ ಬರೆಯುತ್ತಿದ್ದೇನೆ.

ನನ್ನ ತವರು ಮುಳಬಾಗಿಲು ಸೀಮೆಯಲ್ಲಿ, ದೇವರಾಯಸಮುದ್ರಕ್ಕೆ ಹತ್ತಿರದ ಊರು. ನಮ್ಮಪ್ಪ ಕಂಬಳಿ ನೇಯುತ್ತಿದ್ದರು. ಕುರಿಗಳ ಮೈಯನ್ನು ಕೆರೆಯಲ್ಲಿ ತೊಳೆದು, ಬಿಸಿಲಲ್ಲಿ ಒಣಗಿದ ಮೇಲೆ ಉಣ್ಣೆ ಕತ್ತರಿಸುವರು. ಅಜ್ಜಿ ಅದರಲ್ಲಿನ ಮುಳ್ಳು, ಕಸ ಆರಿಸುವಳು. ಅಪ್ಪ ಬಿಲ್ಲಿನ ಹುರಿಯಿಂದ ಮೀಟಿ ಮೀಟಿ ಅದನ್ನು ಹೊಗೆಯಂತೆ ಹಗುರ ಮಾಡುವರು. ಆಮೇಲೆ ಅಮ್ಮ, ಅಕ್ಕ ರಾಟೆಯಲ್ಲಿ ನೂಲುವರು. ನೂಲನ್ನು ಬೀದಿಯುದ್ದಕ್ಕೂ ಎಳೆದು ಕಟ್ಟಿ, ಹುಣಿಸೆ ಬೀಜದ ಗಂಜಿ ಹಚ್ಚಿ ಒಣಗಿಸಿದರೆ ಅದು ಮಗ್ಗಕ್ಕೆ ಸಿದ್ಧ. ಈಗಲೂ ಎಲ್ಲಾದರೂ ಹುಣಿಸೆ ಬೀಜ ಹುರಿಯುವ ವಾಸನೆ ಬಂದರೆ ನನಗೆ ನಮ್ಮ ಬೀದಿಯೇ ಕಣ್ಣೆದುರು ಬರುತ್ತದೆ.

ಅಕ್ಕನ ಮದುವೆ ಗೊತ್ತಾದಾಗ ನನಗೆ ಹತ್ತು ವರ್ಷವಿರಬೇಕು. ಯುದ್ಧದ ಕಾಲ. ನಮ್ಮಲ್ಲಿ ಹೆಣ್ಣು ಗಂಡು ಹಸೆಗೆ ಕೂರುವುದು ಹೊಸ ಕರಿ ಕಂಬಳಿಯ ಮೇಲೆ. ಅದು ಹೆಣ್ಣಿನ ಮನೆಯ ಕುರಿಮರಿಗಳ ಮೊದಲ ಉಣ್ಣೆಯದೇ ಆಗಬೇಕು. ಮೊದಲ ಉಣ್ಣೆ ಮಾತ್ರವೇ ಅಷ್ಟು ಕಪ್ಪು, ಅಷ್ಟು ಮೆತ್ತಗೆ. ಮದುವೆಗೆ ಇದ್ದದ್ದು ಒಂದೂವರೆ ತಿಂಗಳು.

ಆ ಉಣ್ಣೆಯಲ್ಲಿ ಒಂದು ಕುಕ್ಕೆಯಷ್ಟಕ್ಕೆ ಇನ್ನೂ ಮಣ್ಣು ಹತ್ತಿತ್ತು. ಚಳಿಯಲ್ಲಿ ಅಜ್ಜಿ ಅದನ್ನು ತಣ್ಣೀರಲ್ಲಿ ಅದ್ದಿ ಅದ್ದಿ ನಡುಗುತ್ತಿದ್ದಳು. ನನಗೆ ನೋಡಲಾಗಲಿಲ್ಲ. ಅವಳು ಕೊಟ್ಟಿಗೆಗೆ ಹೋದಾಗ ಹಂಡೆಯ ಬಿಸಿನೀರು ಸುರಿದು, ಸೀಗೆಪುಡಿ ಹಾಕಿ ಚೆನ್ನಾಗಿ ತಿಕ್ಕಿದೆ. ನಮ್ಮ ತಲೆಕೂದಲಿಗೆ ಒಗ್ಗುವುದು ಕುರಿಯ ಕೂದಲಿಗೂ ಒಗ್ಗುತ್ತದೆ ಎಂದುಕೊಂಡಿದ್ದೆ. ತಿಕ್ಕಿದಷ್ಟೂ ಉಣ್ಣೆ ಗಂಟುಕಟ್ಟಿತು. ಕೊನೆಗೆ ಒಣರೊಟ್ಟಿಯಂತೆ ಗಟ್ಟಿಯಾಗಿ, ಎಳೆದರೂ ಬಿಡಲಿಲ್ಲ.

ಅಜ್ಜಿ ಬಂದು ನೋಡಿ ನಿಂತಳು. ಹಿಂದೆಯೇ ಅಪ್ಪ ಬಂದರು.

“ಏನಮ್ಮೋ ಇದು! ಯಾರು ಮಾಡಿದ್ದು?”

“ನಾನೇ ಕಣೋ. ಚಳಿ ಅಂತ ಬಿಸಿನೀರಿಗೆ ಹಾಕ್ಬಿಟ್ಟೆ,” ಎಂದಳು ಅಜ್ಜಿ.

“ಇಷ್ಟು ವರ್ಷ ಕಂಬಳಿ ಮನೇಲಿದ್ದು ನಿಂಗೆ ಅಷ್ಟೂ ತಿಳೀದಾ?”

“ವಯಸ್ಸಾಯ್ತಲ್ಲೋ, ಬುದ್ಧಿನೂ ಗಂಟಾಗ್ತದೆ. ಬೈದಿದ್ದು ಸಾಕು, ಹೋಗಿ ಮಗ್ಗ ನೋಡು.”

ಸೀಗೆಪುಡಿ ಮೆತ್ತಿದ ಕೈಗಳನ್ನು ನಾನು ಬೆನ್ನ ಹಿಂದೆ ಬಚ್ಚಿಟ್ಟುಕೊಂಡೆ.

ಗಟ್ಟಿಯಾದ ಉಣ್ಣೆಯನ್ನು ಅಜ್ಜಿ ಕತ್ತರಿಸಿ, ನೊಗ ಒತ್ತದಂತೆ ಎತ್ತಿನ ಹೆಗಲಿಗೆ ಮೆತ್ತೆ ಹೊಲಿದಳು. ಕಂಬಳಿಗೆ ಕಡಿಮೆ ಬಿದ್ದ ನೂಲಿಗೆ ಮುದಿ ಕುರಿಗಳ ಕಂದು ಉಣ್ಣೆಯೇ ಗತಿಯಾಯಿತು. ಅಪ್ಪ ಅದನ್ನು ಎರಡೂ ಅಂಚಿಗೆ ಹಾಕಿ ನೇಯ್ದರು. ಅಕ್ಕ ಅಂಚನ್ನು ಮುಟ್ಟಿ ಮುಟ್ಟಿ ನೋಡಿದಳು. ಅತ್ತೆಮನೆಯವರು ಹಸೆಯಲ್ಲೇ ಏನಾದರೂ ಅಂದುಬಿಟ್ಟರೆ ಎಂದು ಅವಳಿಗೆ ಭಯ. ಅವಳು ಊಟ ಬಿಟ್ಟಳು, ನಾನೂ ಬಿಟ್ಟೆ.

ಅಂದೇಬಿಟ್ಟರು. ಹಸೆಗೆ ಕಂಬಳಿ ಹಾಸಿದೊಡನೆ ಗಂಡಿನ ತಾಯಿ ಬಗ್ಗಿ ನೋಡಿ, “ಏನ್ರಮ್ಮಾ, ನಿಮ್ಮ ಕುರಿಮರಿಗೆ ಆಗ್ಲೇ ವಯಸ್ಸಾಗೋಯ್ತಾ?” ಎಂದರು.

“ನಮ್ಮ ಹುಡುಗೀನ ಎಂಥ ಅತ್ತೆ ಕೈಗೆ ಕೊಡ್ತಾರೋ ಅಂತ ಯೋಚ್ನೆ ಮಾಡಿ ಮಾಡಿ ಹಂಗಾಯ್ತು ಕಣಮ್ಮ!” ಎಂದಳು ಅಜ್ಜಿ.

ಚಪ್ಪರವೆಲ್ಲ ನಕ್ಕಿತು. ಆ ತಾಯಿಯೂ ನಕ್ಕು, ತಾವೇ ಅಕ್ಕನ ಕೈಹಿಡಿದು ಕಂಬಳಿಯ ಮೇಲೆ ಕೂರಿಸಿದರು.

ಅಕ್ಕ ತನ್ನ ಮಕ್ಕಳನ್ನೆಲ್ಲ ಅದರಲ್ಲೇ ಮಲಗಿಸಿ ಬೆಳೆಸಿದಳು. ಉಣ್ಣೆ ಕೆಡಿಸಿದ್ದು ಅಜ್ಜಿಯೇ ಎಂದು ಕೊನೆಯವರೆಗೂ ನಂಬಿದ್ದಳು. ಹೇಳಬೇಕೆಂದು ಎಷ್ಟೋ ಸಲ ಅವಳ ಮನೆಗೆ ಹೋಗಿ, ಉಂಡು, ಅರಿಶಿನ ಕುಂಕುಮ ತೆಗೆದುಕೊಂಡು ಹಾಗೆಯೇ ಬಂದಿದ್ದೇನೆ. ಕಂಬಳಿ ಈಗ ಅವಳ ಮೊಮ್ಮಗಳ ಹತ್ತಿರವಿದೆ. ಆ ಹುಡುಗಿ ಬಂದಾಗ ಇದನ್ನು ಓದಲು ಕೊಡಿ. ಅಲ್ಲಿಯವರೆಗೆ ಈ ಹಾಳೆಗಳು ಇಲಿ, ಗೆದ್ದಲಿಗೆ ಸಿಗದಂತೆ ನೋಡಿಕೊಳ್ಳಿ, ಮಕ್ಕಳೇ. ಇನ್ನೊಮ್ಮೆ ಬರೆಯುವ ಧೈರ್ಯ ನನಗಿಲ್ಲ.