ಮೂರನೇ ಮಹಡಿಯ ಆಫಿಯಾ

ಕಾಸಾಬ್ಲಾಂಕಾದ ಆ ಹೋಟೆಲಿಗೆ ಒಂದೆರಡು ದಿನಕ್ಕೆಂದು ಬಂದು ಹೋಗುವವರು ಕಡಿಮೆ. ಪಕ್ಕದ ಬೀದಿಯಲ್ಲೇ ದೊಡ್ಡ ಆಸ್ಪತ್ರೆ ಇರುವುದರಿಂದ ತಿಂಗಳುಗಟ್ಟಲೆ ಉಳಿಯುವವರೇ ಹೆಚ್ಚು. ಕೋಣೆಗೊಂದು ಗ್ಯಾಸ್ ಒಲೆ, ನಾಲ್ಕು ಪಾತ್ರೆ, ಬಾಲ್ಕನಿಯಲ್ಲಿ ಬಟ್ಟೆ ಒಣಗಿಸಲು ಹಗ್ಗ. ಮೂರನೇ ಮಹಡಿಯಲ್ಲಿ ಮಾತ್ರ ಇವುಗಳ ಜೊತೆಗೆ ನಾಯಿಯೋ ಬೆಕ್ಕೋ ಇರುತ್ತಿತ್ತು. ಆ ಮಹಡಿಯನ್ನು ಗುಡಿಸಿ ಒರೆಸುವವಳು ಲಾಲ್ಲಾ ಯಮ್ನಾ. ಹೋಟೆಲಿನ ಒಡೆಯ ಯಾರೇ ಇರಲಿ, ಮೂರನೇ ಮಹಡಿಯ ಒಡತಿ ಅವಳೇ.

ಹಾಗೆ ನೋಡಿದರೆ ಅಲ್ಲಿಗೆ ಪ್ರಾಣಿಗಳನ್ನು ತಂದವಳೂ ಅವಳೇ. ಹಿಂದೊಮ್ಮೆ ಮುದುಕಿಯೊಬ್ಬಳು ಬುಟ್ಟಿಯಲ್ಲಿ ಬೆಕ್ಕು ಇಟ್ಟುಕೊಂಡು ಬಾಗಿಲಲ್ಲಿ ಅಳುತ್ತ ನಿಂತಿದ್ದಾಗ ಯಮ್ನಾ ಆ ಬೆಕ್ಕನ್ನು ಒಯ್ದು ಚಾದರ ಇಡುವ ಕೋಣೆಯಲ್ಲಿ ಬಚ್ಚಿಟ್ಟಳು. ಮ್ಯಾನೇಜರ್ ಸಿ ಡ್ರಿಸ್‌ಗೆ ಗೊತ್ತಾಗಿ ಕೂಗಾಡಿದ.

"ಗಂಟಲು ಹರ್ಕೋಬೇಡ. ಬೆಕ್ಕು ನಾಯಿ ಇರೋರಿಗೆ ಈ ಊರಲ್ಲಿ ಯಾರೂ ಜಾಗ ಕೊಡಲ್ಲ. ಬಂದೋರು ಬೇಗ ಹೋಗೋದೂ ಇಲ್ಲ. ನಿನ್ನ ಖಾಲಿ ಮಹಡಿ ತುಂಬತ್ತೆ, ನೋಡ್ತಿರು," ಅಂದಳು.

ತುಂಬಿತು. ಅಂದಿನಿಂದ ಡ್ರಿಸ್ ಅವಳಿಗೆ ಎದುರಾಡುವ ಮೊದಲು ಒಮ್ಮೆ ಎಂಜಲು ನುಂಗಿಕೊಳ್ಳುತ್ತಾನೆ. ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಅನ್ನುವ ಹೆಂಗಸು ಅವಳು.

ಆ ಹಠ ಸುಮ್ಮನೆ ಬಂದದ್ದಲ್ಲ. ಅವಳು ಹುಡುಗಿಯಾಗಿದ್ದಾಗ ಅವರ ಮನೆ ಊರಂಚಿನ ತಗಡಿನ ಗುಡಿಸಲುಗಳ ನಡುವೆ ಇತ್ತು. ಒಂದು ಮಧ್ಯಾಹ್ನ ಗಾಳಿ ಎದ್ದು, ಯಾರದೋ ಒಲೆಯ ಕಿಡಿ ಹಾರಿ, ಸಾಲಿಗೆ ಸಾಲೇ ಉರಿದುಹೋಯಿತು. ತಂಗಿ ರಹ್ಮಾ ಒಳಗೆ ಮಲಗಿದ್ದಳು. ಯಮ್ನಾ ಒಳಗೆ ನುಗ್ಗಿದಳು. ಎಡಗೈ ಮೊಣಕೈತನಕ ಬೆಂದಿತು, ತಂಗಿ ಸಿಗಲಿಲ್ಲ. ಅಲ್ಲಿಂದೀಚೆಗೆ ಎಂಥ ಸೆಕೆಯಲ್ಲೂ ಅವಳು ಅಂಗಿಯ ಎಡತೋಳನ್ನು ಮಡಚಿದ್ದಿಲ್ಲ, ಬೆಂಕಿಯ ಹೆಸರನ್ನು ಸುಮ್ಮಸುಮ್ಮನೆ ಬಾಯಿಗೆ ತಂದದ್ದೂ ಇಲ್ಲ. ಕಾಸಾಬ್ಲಾಂಕಾದ ನಮ್ಮ ಅರಬ್ಬಿಯಲ್ಲಿ ಬೆಂಕಿಗೆ ಆಫಿಯಾ ಅನ್ನುತ್ತಾರೆ.

ಇಂಥವಳ ಮಹಡಿಯ ಮೂಲೆ ಕೋಣೆಗೆ ಹಿಕ್ಮತ್ ಮೇಷ್ಟ್ರು ಬಂದರು. ಜೋರ್ಡಾನ್ ದೇಶದ ಅಮ್ಮಾನಿನವರು, ನಿವೃತ್ತರು. ಅವರ ಮಗಳು ರುಲಾ ಕೆಲಸಕ್ಕೆಂದು ಈ ಊರಿಗೆ ಬಂದು ಇನ್ನೂ ಕಾಲೂರುವ ಮೊದಲೇ ಕಾರೊಂದು ಗುದ್ದಿ ಆ ಕಾಲುಗಳನ್ನೇ ಮುರಿದಿತ್ತು. ಒಂದಾದ ಮೇಲೊಂದು ಆಪರೇಷನ್. ಅವಳು ಸಾಕಿದ ಬಿಳಿ ನಾಯಿ ಫುಲ್ಲಾ ಈಗ ಅಪ್ಪನ ಪಾಲಿಗೆ. ನಾಯಿ ಇದೆ ಅಂದ ಕೂಡಲೇ ಹೋಟೆಲುಗಳೆಲ್ಲ ಬಾಗಿಲು ಹಾಕಿಕೊಂಡಿದ್ದವು. ಉಳಿದದ್ದು ಇದೊಂದೇ.

ಮೊದಲ ಬೆಳಗ್ಗೆ ಯಮ್ನಾ ನೆಲ ಒರೆಸುತ್ತಿದ್ದಾಗ ಮೇಷ್ಟ್ರು ಎದೆಯ ಮೇಲೆ ಕೈಯಿಟ್ಟು, ನಗುತ್ತ ಅಂದರು: "ಅಲ್ಲಾಹ್ ನಿನಗೆ ಆಫಿಯಾ ಕೊಡಲಿ, ತಂಗೀ."

ಯಮ್ನಾಳ ಕೈಯಲ್ಲಿದ್ದ ಕೋಲು ನಿಂತಿತು. ತಪ್ಪಾಗಿ ಕೇಳಿಸಿತೇನೋ ಅಂದುಕೊಂಡಳು. ಮಾರನೆಯ ಬೆಳಗ್ಗೆ ಮತ್ತದೇ ನಗು, ಮತ್ತದೇ ಮಾತು. ತಂಗಿ ಅನ್ನುವುದು, ಬೆಂಕಿ ಬೀಳಲಿ ಅನ್ನುವುದು! ಅವಳು ಹಲ್ಲು ಕಚ್ಚಿ "ಅಫಾಕ್, ಸೀದಿ" ಅಂದಳು. ಸೀದಿ ಅಂದರೆ ಸ್ವಾಮಿ, ಅಫಾಕ್ ಅಂದರೆ ದಯವಿಟ್ಟು. ದಯವಿಟ್ಟು ಬಾಯಿ ಮುಚ್ಚಿ ಅನ್ನಬೇಕಿತ್ತು. ಅತಿಥಿ ಅನ್ನುವ ಮರ್ಯಾದೆಗೆ ಉಳಿದರ್ಧ ನುಂಗಿಕೊಂಡಳು. ಮೇಷ್ಟ್ರ ಮುಖ ಇನ್ನಷ್ಟು ಅರಳಿತು. ಅದರ ಮರುದಿನ ಬಾಗಿಲಲ್ಲೇ ಕಾದು ನಿಂತು, ಎರಡೂ ಕೈಯೆತ್ತಿ ಅದನ್ನೇ ಅಂದರು. ಉರಿಯುವ ಬೆಂಕಿಗೆ ತುಪ್ಪ ಸುರಿದಂತಾಯಿತು.

ನಾಯಿಯ ಮೇಲೆ ಅವಳಿಗೆ ಸಿಟ್ಟಿರಲಿಲ್ಲ. ರುಲಾಳ ಕೊರಗಿನಲ್ಲಿ ಫುಲ್ಲಾ ಅನ್ನ ನೀರು ಬಿಟ್ಟಿತ್ತು. ಯಮ್ನಾ ಮನೆಯಿಂದ ಶುಕ್ರವಾರದ ಕುಸ್ಕುಸ್ ತಂದು, ಮಾಂಸದ ಸಾರಲ್ಲಿ ಕಲಸಿ ಅಂಗೈಯಲ್ಲಿ ಹಿಡಿದರೆ ಮಾತ್ರ ತಿನ್ನುತ್ತಿತ್ತು. "ತಿನ್ನು ಮಗಳೇ, ಅಫಾಕ್. ನಿನ್ನ ಯಜಮಾನನ ನಾಲಿಗೆ ಸರಿಯಿಲ್ಲ, ಅದಕ್ಕೆ ನೀನೇನ್ ಮಾಡ್ತೀಯ," ಅನ್ನುತ್ತಿದ್ದಳು.

ಕೊನೆಗೊಂದು ಬೆಳಗ್ಗೆ ಬಕೆಟ್ ಅಲ್ಲೇ ಬಿಟ್ಟು ಕೆಳಗಿಳಿದಳು.

"ಮೂಲೆ ಕೋಣೆ ಖಾಲಿ ಮಾಡ್ಸು, ಡ್ರಿಸ್."

"ಯಾಕೆ, ನಾಯಿ ಕಚ್ತಾ?"

"ನಾಯಿ ಬಂಗಾರ. ಕಚ್ಚೋದು ಆ ಮುದುಕ. ದಿನಾ ಬೆಳಗ್ಗೆ ನಂಗೆ ಬೆಂಕಿ ಬೀಳ್ಲಿ ಅಂತ ಶಾಪ ಹಾಕ್ತಾನೆ. ಅದೂ ನಗ್‌ನಗ್ತಾ."

ಡ್ರಿಸ್ ತಲೆ ಕೆರೆದುಕೊಂಡ. "ಒಳ್ಳೇವ್ರ ಥರ ಕಾಣ್ತಾರಲ್ಲ. ಇಲ್ಲಿಂದ ಎಬ್ಬಿಸಿದ್ರೆ ಆ ನಾಯಿ ಕಟ್ಕೊಂಡು ಎಲ್ಲಿಗೆ ಹೋಗ್ತಾರೆ? ಮಗಳಿಗೆ ಇನ್ನೊಂದು ಆಪರೇಷನ್ ಬಾಕಿ ಇದೆಯಂತೆ."

"ಅದನ್ನ ಅವನು ಬಾಯಿ ಬಿಡೋಕೆ ಮುಂಚೆ ಯೋಚ್ನೆ ಮಾಡ್ಬೇಕಿತ್ತು. ಒಂದೋ ಅವನು, ಇಲ್ಲಾ ನಾನು."

"ಆಯ್ತಮ್ಮ, ನಾನೇ ಹೇಳ್ತೀನಿ."

"ನೀನು ಹೋದ್ರೆ ಪುದೀನ ಚಹಾ ಕುಡ್ಕೊಂಡು ವಾಪಸ್ ಬರ್ತೀಯ. ನಾನೇ ಹೇಳ್ತೀನಿ."

ಹತ್ತಿದ ಸಿಟ್ಟಿಗೆ ಮೆಟ್ಟಿಲು ಹತ್ತಿದ್ದೇ ತಿಳಿಯಲಿಲ್ಲ. ಮೇಷ್ಟ್ರು ಮಗಳಿಗೆಂದು ಬೇಳೆಯ ಸಾರು ಕುದಿಸುತ್ತಿದ್ದರು.

"ಸೀದಿ, ನಾನು ನಿಮಗೇನು ಅನ್ಯಾಯ ಮಾಡಿದೀನಿ? ದಿನಾ ನಂಗೆ ಆಫಿಯಾ ಕೊಡ್ಲಿ ಅಂತೀರಲ್ಲ."

"ಅನ್ನಬೇಕಲ್ವಾ ತಂಗೀ. ನಮ್ಮೂರಲ್ಲಿ ದುಡಿಯೋರನ್ನ ಕಂಡ್ರೆ ಹಾಗಂತೀವಿ. ಕಸ ಗುಡಿಸೋರಿಗೂ ಅಂತೀವಿ, ಡಾಕ್ಟರಿಗೂ ಅಂತೀವಿ."

"ಡಾಕ್ಟರನ್ನೂ ಬಿಡಲ್ವಾ ನೀವು?" ಯಮ್ನಾ ಒಲೆಯ ಕಡೆ ಬೆರಳು ಮಾಡಿದಳು. "ಪಾತ್ರೆ ಕೆಳಗೆ ಉರೀತಿದೆಯಲ್ಲ, ಅದಕ್ಕೆ ನಿಮ್ಮೂರಲ್ಲಿ ಏನಂತಾರೆ?"

"ನಾರ್."

"ನಮ್ಮಲ್ಲಿ ಅದಕ್ಕೇ ಆಫಿಯಾ ಅನ್ನೋದು."

ಯಾರ ಮುಂದೆಯೂ ಮಡಚದ ಎಡತೋಳನ್ನು ಮಡಚಿ ತೋರಿಸಿದಳು. "ದೇವರು ನಂಗೆ ಒಂದ್ಸಲ ಕೊಟ್ಟಾಗಿದೆ. ನನ್ನ ತಂಗೀನೂ ಅದಕ್ಕೇ ಹೋದ್ಲು. ಇನ್ನೊಂದ್ಸಲ ಬೇಡ."

ಮೇಷ್ಟ್ರು ಒಲೆ ಆರಿಸಿದರು. ಕುರ್ಚಿ ಎಳೆದು ಕೂತರು. ಫುಲ್ಲಾ ಬಂದು ಯಮ್ನಾಳ ಪಾದದ ಮೇಲೆ ಗಲ್ಲವಿಟ್ಟು ಮಲಗಿತು.

"ಆಫಿಯಾ ಅಂದ್ರೆ ನಮ್ಮಲ್ಲಿ ಆರೋಗ್ಯ, ತಂಗೀ. ಮೈಯಲ್ಲಿರೋ ಕಸುವು. ನಾನು ಅದನ್ನ ಕೇಳ್ಕೊತಿದ್ದೆ ನಿಮಗೆ." ಆರಿದ ಒಲೆಯ ಕಡೆ ನೋಡಿ, "ನನ್ನ ಮಗಳ ಹಾಸಿಗೆ ಪಕ್ಕ ನಿಂತು ನರ್ಸುಗಳಿಗೆಲ್ಲ ಇದನ್ನೇ ಅಂತಿದೀನಲ್ಲ, ದೇವರೇ," ಅಂದರು. ಮತ್ತೆ ಏನೋ ನೆನಪಾಗಿ ತಲೆಯೆತ್ತಿದರು. "ಆದ್ರೆ ನೀವು ದಿನಾ ತಿರುಗಿ ಅಫಾಕ್ ಅಂತಿದ್ರಲ್ಲ?"

"ಅದು, ದಯವಿಟ್ಟು ಸುಮ್ನಿರಿ ಅಂತ."

"ನನ್ನ ಕಿವಿಗೆ ಅದು ಬೇರೆ ಥರ ಬಿತ್ತು. ದೇವರು ನಿನಗೂ ಆಫಿಯಾ ಕೊಡಲಿ ಅಂತ. ಮಾತಿನ ಬೇರು ಅದೇ, ಬೇಕಾದ್ರೆ ಯಾರನ್ನಾದ್ರೂ ಕೇಳಿ. ಅದನ್ನ ಕೇಳಿಸ್ಕೊಳ್ಳೋಕೇ ನಾನು ಬಾಗಿಲಲ್ಲಿ ಕಾಯ್ತಿದ್ದೆ. ಈ ಊರಲ್ಲಿ ನಮಗೆ ಒಳ್ಳೇದು ಬಯಸೋರು ನೀವೊಬ್ರಾದ್ರೂ ಇದೀರಲ್ಲ ಅಂದ್ಕೊಂಡು ಆಸ್ಪತ್ರೆಗೆ ಹೋಗ್ತಿದ್ದೆ."

ಯಮ್ನಾಗೆ ನಾಚಿಕೆಯಿಂದ ಮೈ ಹಿಡಿಯಾಯಿತು. ತೋಳು ಇಳಿಸಿಕೊಂಡು ಹೊರಬಂದಳು. ತರಕಾರಿಯವನಿಗೆ ಅಫಾಕ್, ಬಸ್ಸಿನಲ್ಲಿ ದಾರಿ ಬಿಡದವನಿಗೆ ಅಫಾಕ್, ಉಣ್ಣದ ನಾಯಿಗೆ ಅಫಾಕ್. ಹುಟ್ಟಿದಾಗಿನಿಂದ ಕಂಡಕಂಡವರಿಗೆಲ್ಲ ಆರೋಗ್ಯ ಹಂಚುತ್ತ ಬಂದವಳಿಗೆ, ತನಗೊಬ್ಬರು ಅದನ್ನು ಕೊಡಲು ಬಂದಾಗ ಗುರುತು ಸಿಕ್ಕಿರಲಿಲ್ಲ.

ಮಧ್ಯಾಹ್ನ ಕೆಲಸ ಮುಗಿಸಿ ಕೆಳಗಿಳಿದರೆ ಡ್ರಿಸ್ ಕಾಯುತ್ತಿದ್ದ. "ಶನಿವಾರದ ತನಕ ಟೈಮ್ ಕೊಡೋಣ್ವಾ?"

"ಯಾರಿಗೆ?"

"ಮೂಲೆ ಕೋಣೆಯವ್ರಿಗೆ."

"ಅವರ ಮಗಳು ತನ್ನ ಕಾಲ ಮೇಲೆ ನಡ್ಕೊಂಡು ಇಲ್ಲಿಗೆ ಬಂದು ಆ ನಾಯೀನ ಕರ್ಕೊಂಡು ಹೋಗೋತನಕ ಅವರು ಇಲ್ಲೇ ಇರ್ತಾರೆ. ಎಬ್ಬಿಸೋದಾದ್ರೆ ನನ್ನನ್ನೂ ಜೊತೇಲೇ ಎಬ್ಸು."

"ಬೆಳಗ್ಗೆ ನೀನೇ ತಾನೇ, ಒಂದೋ ಅವನು ಇಲ್ಲಾ ನಾನು ಅಂದಿದ್ದು?"

"ಬೆಳಗ್ಗೆ ನಂಗೆ ಅರಬ್ಬಿ ಬರ್ತಿರ್ಲಿಲ್ಲ."

ಅಷ್ಟಕ್ಕೇ ಬಿಟ್ಟರೆ ಅವಳು ಯಮ್ನಾ ಹೇಗಾದಾಳು? ಅದೇ ಸಂಜೆ ಆಸ್ಪತ್ರೆಗೆ ಹೋಗಿ, ರುಲಾಳ ವಾರ್ಡಿನ ನರ್ಸುಗಳನ್ನು ಒಬ್ಬೊಬ್ಬರನ್ನಾಗಿ ಹಿಡಿದು ನಿಲ್ಲಿಸಿ, ಮೇಷ್ಟ್ರ ಮಾತಿನ ಅರ್ಥ ತಿಳಿಸಿದಳು. ಮೇಷ್ಟ್ರ ಸೀಮೆಯ ಟೀವಿ ಧಾರಾವಾಹಿ ನೋಡುವ ಹುಡುಗಿಯರು, "ನಮಗೆ ಗೊತ್ತಿತ್ತು ಚಿಕ್ಕಮ್ಮ" ಎಂದು ಕಿಸಕ್ಕನೆ ನಕ್ಕರು. ವಯಸ್ಸಾದ ಒಬ್ಬಾಕೆ ಮಾತ್ರ ನಿಟ್ಟುಸಿರು ಬಿಟ್ಟು, ರುಲಾಳ ತಲೆದಿಂಬನ್ನು ಹೋಗಿ ಸರಿಮಾಡಿ ಬಂದಳು.

ಆದರೆ ಮೇಷ್ಟ್ರು ಆ ಮಾತು ಆಡುವುದನ್ನೇ ಬಿಟ್ಟುಬಿಟ್ಟರು. ಬೆಳಗ್ಗೆ ಎದೆಯ ಮೇಲೆ ಕೈ ಬರುತ್ತಿತ್ತು, ಬಾಯಿ ತೆರೆಯುತ್ತಿತ್ತು, ಅವಳ ಎಡತೋಳು ನೆನಪಾಗಿ ಮುಚ್ಚಿಕೊಳ್ಳುತ್ತಿತ್ತು. ಬರೀ ಸಲಾಂ ಅಂದು ಹೊರಟುಬಿಡುತ್ತಿದ್ದರು. ಯಮ್ನಾಗೆ ಅದು ಆ ಶಾಪಕ್ಕಿಂತ ಹೆಚ್ಚು ಚುಚ್ಚಿತು.

ಕೊನೆಯ ಆಪರೇಷನ್ನಿನ ಬೆಳಗ್ಗೆ ಅವರು ಮೂರನೇ ಮಹಡಿಯ ಮೆಟ್ಟಿಲ ಮೇಲೆ ಕೂತುಬಿಟ್ಟಿದ್ದರು. ಒಂದು ಬೂಟಿನ ದಾರ ಕಟ್ಟಿರಲಿಲ್ಲ. ಫುಲ್ಲಾ ಅವರ ಮುಖವನ್ನೇ ನೋಡುತ್ತಿತ್ತು.

ಯಮ್ನಾ ಬಕೆಟ್ ಕೆಳಗಿಟ್ಟಳು. ಬಾಗಿ ಆ ದಾರ ಕಟ್ಟಿದಳು, ನಾಯಿಯ ಹಗ್ಗವನ್ನು ತನ್ನ ಕೈಗೆ ತೆಗೆದುಕೊಂಡಳು. ಆ ಪದ ಬಾಯಿಗೆ ಬಂತು. ಹೊಗೆ, ತಗಡು, ರಹ್ಮಾ, ಎಲ್ಲವೂ ಅದರ ಜೊತೆಗೇ ಬಂದವು. ಅವಳು ಹಿಂದೆ ಸರಿಯಲಿಲ್ಲ.

"ಅಲ್ಲಾಹ್ ನಿಮ್ಮ ಮಗಳಿಗೆ ಆಫಿಯಾ ಕೊಡಲಿ, ಸೀದಿ," ಅಂದಳು. "ನಿಮ್ಮೂರಿನ ಆಫಿಯಾ."

ಮೇಷ್ಟ್ರು ಎದ್ದು ನಿಂತರು. ಎದೆಯ ಮೇಲೆ ಕೈಯಿಟ್ಟರು.

"ಅಫಾಕ್, ತಂಗೀ," ಅಂದರು. "ಅಫಾಕ್."